ಸೆಕೆಂಡ್ ಹ್ಯಾಂಡ್ ಪೆಲೆಟ್ ಸ್ಟೋವ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ಮೇನ್, ಮ್ಯಾಸಚೂಸೆಟ್ಸ್ ಕಡೆ ಹಳೇ ಮನೆ ಕೊಂಡ ನಮ್ಮವರಿಗೆ ಚಳಿಗಾಲದ ದೊಡ್ಡ ತಲೆನೋವು ಮನೆ ಬಿಸಿ ಮಾಡುವ ಆಯಿಲ್‌ನ ಬಿಲ್. ಬೇಸ್‌ಮೆಂಟ್‌ನಲ್ಲಿ 275 ಗ್ಯಾಲನ್‌ನ ಟ್ಯಾಂಕ್ ಇರುತ್ತದೆ. ಜನವರಿಯಲ್ಲಿ ಒಂದು ವಾರ ಗಟ್ಟಿ ಚಳಿ ಹಿಡಿದರೆ ಅದರ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಬೀದಿಗೆ ಗ್ಯಾಸ್ ಲೈನ್ ಬಂದಿಲ್ಲ, ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖವನ್ನು ಕರೆಂಟಿನಿಂದ ಒಳಗೆ ತರುವ ಯಂತ್ರ) ಹಾಕಿಸಲು ಕೇಳಿದರೆ ಕೊಟೇಶನ್ ನೋಡಿಯೇ ಕೈಬಿಡುವ ಹಾಗಿರುತ್ತದೆ. ಆಗ ಮಾರ್ಕೆಟ್‌ಪ್ಲೇಸ್‌ನಲ್ಲಿ ಯಾರೋ 700 ಡಾಲರ್‌ಗೆ ಪೆಲೆಟ್ ಸ್ಟೋವ್ ಮಾರುತ್ತಿರುವುದು ಕಾಣುತ್ತದೆ. ತಗೊಂಡುಬಿಡೋಣ ಅನಿಸುತ್ತದೆ, ಅಲ್ವಾ?

ತಗೊಳ್ಳಬಹುದು. ಆದರೆ ಆ 700 ಡಾಲರ್ ನೋಡಿ ತೀರ್ಮಾನ ಮಾಡಬೇಡಿ. ಈ ವ್ಯವಹಾರದಲ್ಲಿ ಒಲೆಯ ಬೆಲೆ ಚಿಕ್ಕ ಅಂಕಿ. ನೀವು ಈಗ ಯಾವ ಇಂಧನ ಉರಿಸುತ್ತಿದ್ದೀರಿ, ಹೊಗೆಯ ಪೈಪ್ ಎಲ್ಲಿಂದ ಹೊರಗೆ ಹೋಗಬೇಕು, ಆ ಮಾಡೆಲ್‌ಗೆ ಇನ್ನೂ ಬಿಡಿಭಾಗ ಸಿಗುತ್ತದಾ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪೆಲೆಟ್ ಅಂದರೆ ಸಾಮಿಲ್‌ನ ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಕಡ್ಡಿ ಚೂರುಗಳು. ನಮ್ಮೂರ ಕಡೆ ಡಬ್ಬದಲ್ಲಿ ಹೊಟ್ಟು ಗಿಡಿದು ಉರಿಸುವ ಒಲೆ ನೋಡಿದ್ದೀರಲ್ಲ, ಇಂಧನ ಅದೇ ಜಾತಿಯದು, ಆದರೆ ಇಲ್ಲಿ ಕೆಲಸವೆಲ್ಲ ಮೋಟಾರ್‌ಗಳದು. ಮೇಲೆ ಹಾಪರ್ ಅನ್ನುವ ಪೆಟ್ಟಿಗೆಗೆ ಚೀಲ ಸುರಿಯುತ್ತೀರಿ. ಆಗರ್ ಅನ್ನುವ ತಿರುಪು ಸ್ವಲ್ಪಸ್ವಲ್ಪವೇ ಪೆಲೆಟ್ಟನ್ನು ಬರ್ನ್ ಪಾಟ್‌ಗೆ, ಅಂದರೆ ಬೆಂಕಿ ಉರಿಯುವ ಬಟ್ಟಲಿಗೆ, ಹಾಕುತ್ತದೆ. ಇಗ್ನೈಟರ್ ಬೆಂಕಿ ಹೊತ್ತಿಸುತ್ತದೆ. ಒಂದು ಫ್ಯಾನ್ ಹೊಗೆಯನ್ನು ಹೊರಗೆ ಎಳೆಯುತ್ತದೆ, ಇನ್ನೊಂದು ಬಿಸಿ ಗಾಳಿಯನ್ನು ಕೋಣೆಗೆ ತಳ್ಳುತ್ತದೆ. 1980ರ ದಶಕದ ಮೊದಲಲ್ಲಿ ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರ್ರಿ ವಿಟ್‌ಫೀಲ್ಡ್ ವಾಷಿಂಗ್ಟನ್ ರಾಜ್ಯದಲ್ಲಿ ಮನೆಗಳಿಗಾಗಿ ಮಾಡಿದ ಒಲೆಯಿಂದ ಇದು ಜನರಿಗೆ ಪರಿಚಯವಾಯಿತು. ಅಂದರೆ ನಲವತ್ತು ವರ್ಷದ ಹಳೇ ಒಲೆಗಳೂ ಮಾರುಕಟ್ಟೆಯಲ್ಲಿ ತಿರುಗಾಡುತ್ತಿವೆ. ಅದನ್ನು ನೆನಪಿನಲ್ಲಿಡಿ.

ಈಗ ಲೆಕ್ಕ. ಪೆನ್ನು ಹಿಡಿದು ಕೂತು ಮಾಡಿ, ಹತ್ತು ನಿಮಿಷದ ಕೆಲಸ.

ಪೆಲೆಟ್ 40 ಪೌಂಡ್‌ನ ಚೀಲದಲ್ಲಿ ಬರುತ್ತದೆ. 50 ಚೀಲ ಅಂದರೆ ಒಂದು ಟನ್, 2,000 ಪೌಂಡ್. ಒಂದು ಪೌಂಡ್‌ನಲ್ಲಿ ಸುಮಾರು 8,200 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಇರುತ್ತದೆ, ಟನ್ನಿಗೆ 1 ಕೋಟಿ 64 ಲಕ್ಷ ಬಿಟಿಯು. ಹಳೇ ಒಲೆ ಅದರಲ್ಲಿ ಮುಕ್ಕಾಲು ಪಾಲನ್ನು ಕೋಣೆಗೆ ಕೊಟ್ಟರೆ 1 ಕೋಟಿ 23 ಲಕ್ಷ ಕೈಗೆ ಬಂತು. ಹೀಟಿಂಗ್ ಆಯಿಲ್‌ನ ಒಂದು ಗ್ಯಾಲನ್‌ನಲ್ಲಿ 1,38,500 ಬಿಟಿಯು. ಬಾಯ್ಲರ್‌ನಲ್ಲಿ ಕಳೆದದ್ದು ಕಳೆದು ಸುಮಾರು 1,15,000 ಸಿಗುತ್ತದೆ. ಭಾಗಿಸಿ ನೋಡಿ: ಒಂದು ಟನ್ ಪೆಲೆಟ್ ಸುಮಾರು 107 ಗ್ಯಾಲನ್ ಆಯಿಲ್‌ಗೆ ಸಮ.

ನಿಮ್ಮ ಊರಲ್ಲಿ ಪೆಲೆಟ್ ಮನೆಗೆ ತಂದು ಇಳಿಸಿ ಟನ್ನಿಗೆ 350 ಡಾಲರ್ ಅಂತಿಟ್ಟುಕೊಳ್ಳಿ. 350ನ್ನು 107ರಿಂದ ಭಾಗಿಸಿದರೆ 3 ಡಾಲರ್ 27 ಸೆಂಟ್. ಆಯಿಲ್ ಅದಕ್ಕಿಂತ ಕಡಿಮೆಗೆ ಸಿಗುತ್ತಿದ್ದರೆ ಪೆಲೆಟ್ ಉರಿಸಿ ಉಳಿಸುವುದು ಏನೂ ಇಲ್ಲ. 4 ಡಾಲರ್ ಇದ್ದರೆ ಟನ್ನಿಗೆ 80 ಡಾಲರ್‌ನಷ್ಟು ಉಳಿಯುತ್ತದೆ. 2022ರಲ್ಲಿ ಇಲ್ಲಿ ಆಯಿಲ್ 5 ಡಾಲರ್ ದಾಟಿತ್ತಲ್ಲ, ಆಗ ಪೆಲೆಟ್ ಸ್ಟೋವ್ ಇದ್ದವರು ನಿಜಕ್ಕೂ ದುಡ್ಡು ಉಳಿಸಿದರು. ಬೇರೆ ವರ್ಷಗಳಲ್ಲಿ ಉಳಿತಾಯ ಅಷ್ಟಕ್ಕಷ್ಟೇ. ಒಂದು ಚಳಿಗಾಲಕ್ಕೆ ಮೂರು ಟನ್ ಉರಿಸಿದರೆ 240 ಡಾಲರ್ ಉಳಿಯಿತು ಅನ್ನಿ, ಅದರಲ್ಲಿ ಒಲೆಯ ಫ್ಯಾನ್, ಮೋಟಾರ್ ತಿನ್ನುವ ಕರೆಂಟನ್ನೂ ಕಳೆಯಬೇಕು. ಅದು ತಿಂಗಳಿಗೆ ಸುಮಾರು 100 ಯೂನಿಟ್.

ಬೇರೆ ಇಂಧನದವರಿಗೆ ಲೆಕ್ಕ ಬೇರೆ. ಪ್ರೊಪೇನ್ ಇದ್ದರೆ ಒಂದು ಟನ್ ಪೆಲೆಟ್‌ಗೆ ಸುಮಾರು 145 ಗ್ಯಾಲನ್ ಹಿಡಿಯಿರಿ. ಗೋಡೆ ಬುಡದಲ್ಲಿ ಹಳೇ ಎಲೆಕ್ಟ್ರಿಕ್ ಬೇಸ್‌ಬೋರ್ಡ್ ಹೀಟರ್ ಇರುವ ಮನೆಯಾದರೆ ಅಷ್ಟೇ ಶಾಖಕ್ಕೆ 3,600 ಯೂನಿಟ್ ಕರೆಂಟ್ ಬೇಕು. ಯೂನಿಟ್‌ಗೆ 25 ಸೆಂಟ್ ಅಂದರೂ 900 ಡಾಲರ್. ಅದರ ಎದುರು 350 ಡಾಲರ್‌ನ ಪೆಲೆಟ್! ಇಂಥ ಮನೆಯವರು ಮುಂದಿನದನ್ನೆಲ್ಲ ಗಮನವಿಟ್ಟು ಓದಿ, ಈ ಒಲೆ ಇರುವುದೇ ನಿಮಗೆ. ಆದರೆ ಒಳ್ಳೆಯ ಹೀಟ್ ಪಂಪ್ ಆಗಲೇ ಇದ್ದರೆ ಅದೇ ಶಾಖವನ್ನು 1,400–1,500 ಯೂನಿಟ್‌ನಲ್ಲಿ ಕೊಡುತ್ತದೆ, ಪೆಲೆಟ್‌ಗೂ ಅದಕ್ಕೂ ಹೆಚ್ಚುಕಡಿಮೆ ಸಮ. ಪೈಪ್ ಗ್ಯಾಸ್ ಇರುವವರು ಬಿಲ್‌ನಲ್ಲಿ ಥರ್ಮ್‌ನ (ಗ್ಯಾಸ್ ಅಳೆಯುವ ಮಾನ) ಬೆಲೆ ನೋಡಿ 137ರಿಂದ ಗುಣಿಸಿ, ಒಂದು ಟನ್ ಪೆಲೆಟ್‌ನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯವಾಗಿ ಅಲ್ಲೇ ಉತ್ತರ ಸಿಗುತ್ತದೆ: ಬೇಡ.

ಇಷ್ಟಾದ ಮೇಲೂ ದುಡ್ಡೊಂದೇ ಕಾರಣ ಆಗಬೇಕಿಲ್ಲ. ಇಡೀ ಮನೆಯ ಥರ್ಮೋಸ್ಟಾಟ್ ಇಳಿಸಿ, ಎಲ್ಲರೂ ಕೂರುವ ಒಂದು ಕೋಣೆಯನ್ನು ಬೆಚ್ಚಗೆ ಇಟ್ಟುಕೊಳ್ಳುವ ಸುಖ ನಿಜವಾದದ್ದು. ಊರಿಂದ ಅಪ್ಪ ಅಮ್ಮ ಚಳಿಗಾಲದಲ್ಲಿ ಬಂದಿದ್ದರೆ ಅದರ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಸುಖಕ್ಕೆ ಕೊಳ್ಳುತ್ತಿದ್ದೇನೆ ಅಂತ ನಿಮಗೆ ನೀವೇ ಸ್ಪಷ್ಟವಾಗಿ ಹೇಳಿಕೊಂಡು ಕೊಳ್ಳಿ, ಆಗ ಬೇಜಾರಾಗುವುದಿಲ್ಲ.

ಮನೆಯ ವಿನ್ಯಾಸವನ್ನೂ ಒಮ್ಮೆ ನೋಡಿ. ಇದು ಒಂದು ಜಾಗದಲ್ಲಿ ಕೂತು ಬಿಸಿ ಗಾಳಿ ಊದುವ ಒಲೆ. ಅಡುಗೆಮನೆ, ಹಾಲ್ ಸೇರಿಕೊಂಡಿರುವ ತೆರೆದ ಮನೆಯಾದರೆ ಚೆನ್ನಾಗಿ ಹರಡುತ್ತದೆ. ಸಣ್ಣಸಣ್ಣ ಕೋಣೆಗಳಿಗೆ ಒಂದೊಂದು ಬಾಗಿಲಿರುವ ನೂರು ವರ್ಷದ ಮನೆಯಲ್ಲಿ ಒಲೆಯ ಕೋಣೆ ಕುದಿಯುತ್ತದೆ, ಆಚೆ ಮಲಗುವ ಕೋಣೆ ಹಾಗೇ ತಣ್ಣಗಿರುತ್ತದೆ. ಬೇಸ್‌ಮೆಂಟ್‌ನಲ್ಲಿಟ್ಟರೆ ಶಾಖ ತಾನಾಗಿ ಮೇಲೆ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ಗೋಡೆಗೆ ಇನ್ಸುಲೇಶನ್ ಇಲ್ಲದ ಬೇಸ್‌ಮೆಂಟ್ ಆದರೆ ಅರ್ಧ ಶಾಖ ಕಾಂಕ್ರೀಟಿಗೆ ಹೋಗುತ್ತದೆ, ನಂಬಬೇಡಿ.

ಇನ್ನೊಂದು ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಒಲೆ ಇಡುವ ಕೋಣೆಯಲ್ಲೇ ಮನೆಯ ಥರ್ಮೋಸ್ಟಾಟ್ ಇದ್ದರೆ, ಅಲ್ಲಿ ಬೆಚ್ಚಗಿದೆ ಅಂತ ಬಾಯ್ಲರ್ ಆನ್ ಆಗುವುದೇ ಇಲ್ಲ. ಬಿಸಿ ನೀರಿನ ಬೇಸ್‌ಬೋರ್ಡ್ ಇರುವ ಮನೆಯಲ್ಲಿ ಆಗ ದೂರದ ಕೋಣೆಗಳ, ಹೊರಗೋಡೆಯ ಪಕ್ಕದ ಪೈಪ್‌ನಲ್ಲಿ ನೀರು ನಿಂತುಬಿಡುತ್ತದೆ. ಹೊರಗೆ ಗಟ್ಟಿ ಚಳಿ ಇದ್ದ ರಾತ್ರಿ ಅದು ಹೆಪ್ಪುಗಟ್ಟಿ ಒಡೆದರೆ ಪೆಲೆಟ್‌ನಲ್ಲಿ ಉಳಿಸಿದ್ದೆಲ್ಲ ಪ್ಲಂಬರ್‌ಗೆ ಹೋಯಿತು. ಥರ್ಮೋಸ್ಟಾಟನ್ನು ಬೇರೆ ಕೋಣೆಗೆ ಬದಲಾಯಿಸಿ, ಇಲ್ಲವೇ ದಿನಕ್ಕೆ ಕೆಲವು ಸಲ ಬಾಯ್ಲರ್ ತಾನಾಗಿ ಓಡುವ ಹಾಗೆ ಪ್ರೋಗ್ರಾಂ ಮಾಡಿ.

ಪೈಪ್‌ನ ಖರ್ಚು ಒಲೆಯಷ್ಟೇ ಬರಬಹುದು. ಪೆಲೆಟ್ ಸ್ಟೋವ್‌ಗೆ ಪಿಎಲ್ ವೆಂಟ್ ಅಂತಲೇ ಎರಡು ಪದರದ ಬೇರೆ ಪೈಪ್ ಬರುತ್ತದೆ, 3 ಅಥವಾ 4 ಇಂಚಿನದು. ಬಟ್ಟೆ ಒಣಗಿಸುವ ಡ್ರೈಯರ್‌ನ ತೆಳು ಪೈಪ್ ಜೋಡಿಸಿರುವ ಒಲೆ ಕಂಡರೆ ಆ ಮನೆಯಿಂದ ಸುಮ್ನೆ ಹೊರಗೆ ಬನ್ನಿ, ಪೈಪ್‌ನಲ್ಲೇ ಇಂಥ ಕೆಲಸ ಮಾಡಿದವರು ಒಳಗೆ ಇನ್ನೇನು ಮಾಡಿದ್ದಾರೋ. ಗೋಡೆ ಮೂಲಕ ನೇರ ಹೊರಗೆ ಬಿಡಬಹುದು, ಅದು ಅಗ್ಗ. ಆದರೆ ಹೊರಗೆ ಕೆಲವು ಅಡಿ ಮೇಲಕ್ಕೆ ಏರಿಸಿದ ಪೈಪ್ ಇದ್ದರೆ ಕರೆಂಟ್ ಹೋದಾಗ ಹೊಗೆ ತಾನಾಗಿ ಮೇಲೆ ಎಳೆದುಕೊಂಡು ಹೋಗುತ್ತದೆ, ಮನೆಯೊಳಗೆ ತುಂಬುವುದಿಲ್ಲ. ಆ ಖರ್ಚು ಮಾಡಿ. ಹಳೇ ಇಟ್ಟಿಗೆ ಚಿಮಣಿಗೆ ಸುಮ್ಮನೆ ತೂರಿಸುವ ಯೋಚನೆ ಬೇಡ, ಚಿಮಣಿ ನೋಡುವವರನ್ನು ಕರೆಸಿ ಒಳಗೆ ಲೈನರ್ ಪೈಪ್ ಬೇಕಾ ಅಂತ ಕೇಳಿ.

ಈಗ ಒಲೆ ನೋಡಲು ಹೋಗುವುದು. ಇದಕ್ಕೆ ಸರಿಯಾದ ಕಾಲ ಮಾರ್ಚ್ ಕೊನೆ, ಏಪ್ರಿಲ್. ಮಾರುವವರಿಗೆ ಜಾಗ ಖಾಲಿಯಾದರೆ ಸಾಕಾಗಿರುತ್ತದೆ, ಆದರೆ ಒಲೆ ಇನ್ನೂ ಗೋಡೆಗೆ ಜೋಡಿಸಿಯೇ ಇರುತ್ತದೆ. ಅಕ್ಟೋಬರ್‌ನಲ್ಲಿ ಹೋದರೆ ಎಲ್ಲರಿಗೂ ಒಟ್ಟಿಗೆ ಚಳಿ ನೆನಪಾಗಿ ಬೆಲೆ ಏರಿರುತ್ತದೆ. ಫೋನ್‌ನಲ್ಲೇ ಎರಡು ವಿಷಯ ಹೇಳಿ: ನಾನು ಬರುವವರೆಗೆ ಕಳಚಬೇಡಿ, ಮತ್ತು ಬರುವ ದಿನ ಒಲೆ ಹಚ್ಚಿಡಬೇಡಿ, ತಣ್ಣಗಿರಲಿ. ತಣ್ಣಗಿರುವ ಒಲೆಯನ್ನು ನಿಮ್ಮೆದುರು ಹಚ್ಚಬೇಕು. ಆಗಲೇ ಬಿಸಿಯಾಗಿರುವ ಒಲೆಯಲ್ಲಿ ಇಗ್ನೈಟರ್ ಸತ್ತಿದ್ದರೂ ಗೊತ್ತಾಗುವುದಿಲ್ಲ.

ಹಚ್ಚುವ ಮೊದಲು ಬಾಗಿಲು ತೆಗೆಯಿರಿ. ಟಾರ್ಚ್ ಹಿಡಿದು ಬರ್ನ್ ಪಾಟ್ ನೋಡಿ. ಅಂಚು ಬಾಗಿದೆಯಾ, ಗಾಳಿಯ ತೂತುಗಳು ದೊಡ್ಡದಾಗಿ ತಿಂದುಹೋಗಿವೆಯಾ? ಪಾಟ್ ಬದಲಾಯಿಸಬಹುದು, ಆದರೆ ಅದರ ಹಿಂದಿನ ಕಬ್ಬಿಣದ ಗೋಡೆಯೂ ಸೀಳಿದ್ದರೆ ಅಲ್ಲಿಗೆ ನಿಲ್ಲಿಸಿ. ಹಾಪರ್ ಖಾಲಿ ಮಾಡಿಸಿ ತಳಕ್ಕೆ ಕೈ ಹಾಕಿ. ಮೇಲ್ಮೇಲಿನ ತುಕ್ಕು ಪರವಾಗಿಲ್ಲ, ಪದರಪದರವಾಗಿ ಉದುರುವ ತುಕ್ಕು ಬಂದರೆ ಒಲೆ ಒದ್ದೆ ಬೇಸ್‌ಮೆಂಟ್‌ನಲ್ಲಿ ಬೇಸಿಗೆ ಕಳೆದಿದೆ. ಬೂದಿ ತೆಗೆಯದೆ ಬೇಸಿಗೆಯೆಲ್ಲ ಬಿಟ್ಟರೆ ಅದು ತೇವ ಹೀರಿಕೊಂಡು ಒಳಗಿಂದಲೇ ಕಬ್ಬಿಣ ತಿನ್ನುತ್ತದೆ. ಮೆಕ್ಕೆಜೋಳ ಉರಿಸಿದ್ದೀರಾ ಅಂತಲೂ ಕೇಳಿ, ಕೆಲವು ಒಲೆಗಳಲ್ಲಿ ಅದನ್ನೂ ಉರಿಸುತ್ತಾರೆ, ಅದರ ಹೊಗೆ, ಬೂದಿ ಲೋಹವನ್ನು ಬೇಗ ಹಾಳು ಮಾಡುತ್ತದೆ.

ಬಾಗಿಲಿನ ಸುತ್ತ ಹಗ್ಗದಂಥ ಗ್ಯಾಸ್ಕೆಟ್ ಇರುತ್ತದೆ. ಒಂದು ಡಾಲರ್ ನೋಟು ಇಟ್ಟು ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ನಾಲ್ಕೂ ಕಡೆ ಹೀಗೆ ಮಾಡಿ. ಗ್ಯಾಸ್ಕೆಟ್ ಅಗ್ಗ, ಇದಕ್ಕಾಗಿ ಒಲೆ ಬೇಡ ಅನ್ನಬೇಕಿಲ್ಲ, ಬೆಲೆ ಇಳಿಸಲು ಮಾತ್ರ ಉಪಯೋಗಿಸಿ.

ಈಗ ಹಚ್ಚಲು ಹೇಳಿ. ಐದರಿಂದ ಹತ್ತು ನಿಮಿಷದಲ್ಲಿ ಬೆಂಕಿ ಹತ್ತಬೇಕು. ಪೆಲೆಟ್ ಪಾಟ್‌ಗೆ ಟಪಟಪ ಅಂತ ಬೀಳುವ ಸದ್ದು ಒಂದೇ ಲಯದಲ್ಲಿರಬೇಕು. ತಡೆದು ತಡೆದು ಬೀಳುತ್ತಿದ್ದರೆ ಆಗರ್ ಮೋಟಾರ್ ಸುಸ್ತಾಗಿದೆ ಅಥವಾ ಒಳಗೆ ಪುಡಿ ಕಟ್ಟಿಕೊಂಡಿದೆ. ಹಾಪರ್‌ಗೆ ಕಿವಿ ಇಟ್ಟು ಕೇಳಿ, ಹಲ್ಲು ಕಡಿದ ಹಾಗೆ ಸದ್ದು ಬರಬಾರದು. ಆಮೇಲೆ ಅರ್ಧ ಗಂಟೆ ಹೈನಲ್ಲಿ ಓಡಿಸಿ, ಅವಸರ ಮಾಡಬೇಡಿ, ಬೇಕಾದರೆ ಅವರ ಜತೆ ಕಾಫಿ ಕುಡಿಯಿರಿ. ಒಳ್ಳೆಯ ಉರಿ ಗಿಡ್ಡಗೆ, ಚುರುಕಾಗಿ, ತಿಳಿ ಹಳದಿ ಬಣ್ಣದಲ್ಲಿರುತ್ತದೆ, ಕೆಂಡದ ಕಿಡಿಗಳು ಪಾಟ್‌ನಲ್ಲಿ ಕುಣಿಯುತ್ತಿರುತ್ತವೆ. ಉದ್ದಕ್ಕೆ ಎದ್ದು ಆಲಸಿಯಾಗಿ ಓಲಾಡುವ ಕಿತ್ತಳೆ ಉರಿ, ಅದರ ತುದಿಯಲ್ಲಿ ಕಪ್ಪು ಹೊಗೆ ಕಂಡರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಕಾರಣ ಬರೀ ಕಟ್ಟಿಕೊಂಡ ಪೈಪ್ ಇರಬಹುದು, ಹೊಗೆ ಎಳೆಯುವ ಫ್ಯಾನ್ ಹೋಗಿರಬಹುದು. ಯಾವುದು ಅಂತ ಅಲ್ಲಿ ನಿಂತು ಹೇಳಲಾಗದು, ದುಬಾರಿಯದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ. ಗಾಜು ಅರ್ಧ ಗಂಟೆಯಲ್ಲೇ ಕಪ್ಪಾದರೂ ಅದೇ ಮಾತು.

ಒಲೆ ಓಡುತ್ತಿರುವಾಗಲೇ ಪಕ್ಕದ ಮುಚ್ಚಳ ತೆಗೆಸಿ ಹಿಂಭಾಗ ನೋಡಿ. ಅಲ್ಲಿ ಮನೆಯ ಧೂಳು, ನಾಯಿಯ ಕೂದಲು ಇರುವುದು ಸಹಜ. ಬೂದಿ, ಮಸಿ ಇರಬಾರದು. ಇದ್ದರೆ ಹೊಗೆ ಎಲ್ಲೋ ಸೋರಿ ಕೋಣೆಗೆ ಬರುತ್ತಿದೆ, ಅದರ ಜತೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲ ಕೂಡ. ಸುಟ್ಟ ಬಣ್ಣದ ವೈರ್, ಟೇಪ್ ಸುತ್ತಿದ ಜೋಡಣೆ, ಕತ್ತರಿಸಿ ಒಟ್ಟಿಗೆ ಸೇರಿಸಿದ ಸ್ವಿಚ್ ವೈರ್‌ಗಳನ್ನು ಹುಡುಕಿ. ಗಾಳಿಯ ಒತ್ತಡ ನೋಡುವ ವ್ಯಾಕ್ಯೂಮ್ ಸ್ವಿಚ್, ಜಾಸ್ತಿ ಬಿಸಿಯಾದರೆ ನಿಲ್ಲಿಸುವ ಸ್ವಿಚ್ ಅಲ್ಲೇ ಇರುತ್ತವೆ. ಒಲೆ ಪದೇಪದೇ ನಿಲ್ಲುತ್ತದೆ ಅಂತ ಕೆಲವರು ಅವನ್ನೇ ಬೈಪಾಸ್ ಮಾಡಿರುತ್ತಾರೆ. ಅಂಥ ಒಲೆ ಪುಕ್ಕಟೆ ಕೊಟ್ಟರೂ ಬೇಡ. ಕೊನೆಗೆ ಆಫ್ ಮಾಡಿಸಿ ತಣ್ಣಗಾಗುವವರೆಗೆ ಇರಿ. ಉರಿ ಆರಿದ ಮೇಲೂ ಫ್ಯಾನ್ ಓಡಿ ತಾನಾಗಿ ನಿಲ್ಲಬೇಕು. ಆ ಹೊತ್ತಲ್ಲಿ ಕೀರಲು ಸದ್ದು ಬಂದರೆ ಬೇರಿಂಗ್ ಹೋಗುತ್ತಿದೆ.

ಆಗಲೇ ಕಳಚಿ ಗ್ಯಾರೇಜ್‌ನಲ್ಲಿಟ್ಟಿದ್ದರೆ? ಪ್ಲಗ್ ಹಾಕಿ ಮೋಟಾರ್ ತಿರುಗುವುದನ್ನು ನೋಡಬಹುದು ಅಷ್ಟೇ. ಹೋದ ವರ್ಷ ಚೆನ್ನಾಗಿತ್ತು ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಆಗರ್ ಮೋಟಾರ್, ಹೊಗೆಯ ಫ್ಯಾನ್, ಇಗ್ನೈಟರ್ ಮೂರೂ ಹೊಸದು ಹಾಕಬೇಕಾಗಬಹುದು ಅಂತ ಲೆಕ್ಕ ಹಿಡಿದು, ಅಷ್ಟನ್ನು ಬೆಲೆಯಿಂದ ಕಳೆದು ಕೇಳಿ. ಒಪ್ಪದಿದ್ದರೆ ಬಿಟ್ಟುಬಿಡಿ, ಇನ್ನೊಂದು ಬರುತ್ತದೆ.

ದುಡ್ಡು ಕೊಡುವ ಮೊದಲು ಒಲೆಯ ಹಿಂದಿನ ಲೇಬಲ್‌ನ ಫೋಟೋ ತೆಗೆದುಕೊಂಡು ಮನೆಗೆ ಬನ್ನಿ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್, ತಯಾರಾದ ವರ್ಷ, ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನುವುದು, ಯಾವ ಟೆಸ್ಟ್ ಆಗಿದೆ ಅನ್ನುವುದು ಇರುತ್ತದೆ. ಎಎಸ್‌ಟಿಎಂ ಇ1509 ಅಂತ ಇದ್ದರೆ ಅದು ಪೆಲೆಟ್ ಸ್ಟೋವ್‌ನ ಸುರಕ್ಷತೆಯ ಟೆಸ್ಟ್. ಲೇಬಲ್ಲೇ ಇಲ್ಲದ ಒಲೆಗೆ ಟೌನ್‌ನವರು ಪರ್ಮಿಟ್ ಕೊಡುವುದು ಕಷ್ಟ, ಇನ್ಶೂರೆನ್ಸ್‌ನವರಂತೂ ಒಪ್ಪುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿರುವವರು ಇನ್ನೂ ಜಾಗ್ರತೆಯಾಗಿರಿ, ಅಲ್ಲಿ ಸರ್ಟಿಫೈ ಆಗದ ಒಲೆ ಮಾರುವುದಕ್ಕೇ ನಿರ್ಬಂಧ ಇದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೊಗೆಯ ಮಿತಿಯನ್ನು 2015ರಲ್ಲಿ ಪೆಲೆಟ್ ಸ್ಟೋವ್‌ಗಳಿಗೂ ತಂದು 2020ರ ಮೇ 15ರಿಂದ ಇನ್ನೂ ಬಿಗಿ ಮಾಡಿತು, ಹಾಗಾಗಿ ಆಮೇಲೆ ತಯಾರಾದ ಒಲೆ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟರೂ ಸರಿ.

ಅದೇ ರಾತ್ರಿ ಆ ಮಾಡೆಲ್‌ನ ಹೆಸರು ಹಾಕಿ ಬಿಡಿಭಾಗ ಹುಡುಕಿ. ಕಂಟ್ರೋಲ್ ಬೋರ್ಡ್ ಸ್ಟಾಕ್‌ನಲ್ಲಿದೆಯಾ ಅನ್ನುವುದೇ ಮುಖ್ಯ ಪ್ರಶ್ನೆ. ಮೋಟಾರ್, ಫ್ಯಾನ್‌ಗೆ ಬೇರೆ ಕಂಪನಿಯ ಹೊಂದುವ ಭಾಗ ಸಿಗುತ್ತದೆ, ಬೋರ್ಡ್‌ಗೆ ಹಾಗಲ್ಲ. ಹಾರ್ಮನ್, ಕ್ವಾಡ್ರಾ-ಫೈರ್‌ನಂಥ ಹೆಸರುಗಳ ಒಲೆ ಹಳೆಯದಾದರೂ ಬೆಲೆ ಇಳಿಯದಿರುವುದಕ್ಕೆ ಕಾರಣ ಇದೇ, ಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವವರೂ ಸಿಗುತ್ತಾರೆ. ಹೊಸದರ ಬೆಲೆಯನ್ನೂ ಪಕ್ಕದಲ್ಲಿ ಇಟ್ಟು ನೋಡಿ. 2025ರ ಕೊನೆಯವರೆಗೆ 75 ಶೇಕಡಾ ದಕ್ಷತೆ ಇರುವ ಹೊಸ ಒಲೆಗೆ 30 ಶೇಕಡಾ ಫೆಡರಲ್ ಟ್ಯಾಕ್ಸ್ ಕ್ರೆಡಿಟ್ ಇತ್ತು, 2,000 ಡಾಲರ್‌ವರೆಗೆ. ಅದು ನಿಂತ ಮೇಲೆ ಹಳೆಯದರ ಕಡೆಗೆ ತಕ್ಕಡಿ ಸ್ವಲ್ಪ ವಾಲಿದೆ ಅನ್ನುವುದು ನನ್ನ ಅಭಿಪ್ರಾಯ. ಆದರೂ ಒಲೆ, ಪೈಪ್, ಕೆಳಗೆ ಹಾಸುವ ಹಾರ್ತ್ ಪ್ಯಾಡ್, ಕೂಲಿ ಎಲ್ಲ ಸೇರಿ ಹೊಸದರ ಅರ್ಧಕ್ಕಿಂತ ಜಾಸ್ತಿ ಆಗುವುದಾದರೆ ನಾನಂತೂ ಹೊಸದನ್ನೇ ತೆಗೆದುಕೊಳ್ಳುತ್ತೇನೆ, ವಾರಂಟಿ ಇರುತ್ತದೆ.

ಮೈಕೈ ಕೆಲಸವನ್ನೂ ಯೋಚಿಸಿ. ದಿನಕ್ಕೆ ಒಂದು ಚೀಲ, ಗಟ್ಟಿ ಚಳಿಯಲ್ಲಿ ಒಂದೂವರೆ. 40 ಪೌಂಡ್ ಅಂದರೆ 18 ಕೆಜಿ, ಅದನ್ನು ಗ್ಯಾರೇಜ್‌ನಿಂದ ದಿನಾ ಎತ್ತಿ ತರುವವರು ಯಾರು? ಬೆನ್ನುನೋವು ಇರುವವರು ಮನೆಯಲ್ಲಿದ್ದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ. ಚೀಲಗಳಿಗೆ ಒಣ ಜಾಗ ಬೇಕು, ನೀರು ತಾಗಿದರೆ ಪೆಲೆಟ್ ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ದಿನಾ ಬರ್ನ್ ಪಾಟ್ ಕೆರೆಯಬೇಕು, ವಾರಕ್ಕೊಮ್ಮೆ ಬೂದಿ ತೆಗೆಯಬೇಕು, ವರ್ಷಕ್ಕೊಮ್ಮೆ ಪೈಪ್ ಸಮೇತ ಪೂರ್ತಿ ಕ್ಲೀನ್ ಆಗಬೇಕು. ಬೂದಿಯನ್ನು ಮುಚ್ಚಳ ಇರುವ ಲೋಹದ ಡಬ್ಬದಲ್ಲಿ ಹಾಕಿ ಮನೆಯ ಹೊರಗಿಡಿ, ಒಳಗಿನ ಕೆಂಡ ದಿನಗಟ್ಟಲೆ ಆರದೆ ಇರಬಹುದು. ಮನೆಯ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಲೇಬೇಡಿ.

ಕರೆಂಟ್ ಹೋದರೆ ಈ ಒಲೆಯೂ ನಿಲ್ಲುತ್ತದೆ. ಹಿಮದ ಬಿರುಗಾಳಿಗೆ ಆಸರೆ ಆಗಲಿ ಅಂತ ಕೊಳ್ಳುತ್ತಿದ್ದರೆ ನಿಮಗೆ ಬೇಕಿರುವುದು ಸೌದೆ ಒಲೆ, ಇದಲ್ಲ. ಇಲ್ಲವೇ ಜನರೇಟರ್ ಅಥವಾ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇಟ್ಟುಕೊಳ್ಳಿ. ಅಗ್ಗದ ಇನ್ವರ್ಟರ್‌ಗಳ ಕರೆಂಟ್ ಕಂಟ್ರೋಲ್ ಬೋರ್ಡ್‌ಗೆ ಆಗಿಬರುವುದಿಲ್ಲ.

ಕೊಳ್ಳುವುದೇ ಅಂತಾದರೆ ಮೊದಲು ಟೌನ್ ಆಫೀಸ್‌ಗೆ ಹೋಗಿ ಪರ್ಮಿಟ್ ಕೇಳಿ, ಇನ್ಶೂರೆನ್ಸ್‌ನವರಿಗೆ ಒಂದು ಇಮೇಲ್ ಬರೆದು ಉತ್ತರ ಇಟ್ಟುಕೊಳ್ಳಿ. ತರಲು ಅಪ್ಲೈಯನ್ಸ್ ಡಾಲಿ ಬಾಡಿಗೆಗೆ ತನ್ನಿ, ಮೂರು ಜನ ಇರಿ, ಒಲೆಗಳು 250 ಪೌಂಡ್‌ನಿಂದ 400 ದಾಟುತ್ತವೆ. ಮ್ಯಾನುಯಲ್ ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಿ, ಕಿಟಕಿ, ಬಾಗಿಲಿಂದ ಪೈಪ್‌ನ ಬಾಯಿ ಎಷ್ಟು ದೂರ ಇರಬೇಕು ಅನ್ನುವ ಚಿತ್ರ ಅದರಲ್ಲಿರುತ್ತದೆ. ಎಲ್ಲ ಗ್ಯಾಸ್ಕೆಟ್ ಹೊಸದು ಹಾಕಿ, ಒಲೆಯ ಕೋಣೆಗೊಂದು, ಮಲಗುವ ಕೋಣೆಗಳ ಹತ್ತಿರ ಒಂದು ಸಿಒ (ಕಾರ್ಬನ್ ಮಾನಾಕ್ಸೈಡ್) ಅಲಾರಂ ಹಾಕಿ. ಇನ್‌ಸ್ಪೆಕ್ಟರ್ ಸಹಿ ಹಾಕಿದ ಮೇಲೆ, ಯಾರಾದರೂ ಮನೆಯಲ್ಲಿ ಎಚ್ಚರವಾಗಿರುವ ಹಗಲು ಹೊತ್ತಲ್ಲಿ ಮೊದಲ ಸಲ ಹಚ್ಚಿ. ಪೆಲೆಟ್ ಕೂಡ ಮೊದಲೇ ಮೂರು ಟನ್ ತರಿಸಬೇಡಿ. ಎರಡು ಮೂರು ಬ್ರಾಂಡ್‌ನ ನಾಲ್ಕು ನಾಲ್ಕು ಚೀಲ ತಂದು ಉರಿಸಿ ನೋಡಿ, ಯಾವುದರಲ್ಲಿ ಪಾಟ್‌ನ ತಳಕ್ಕೆ ಗಟ್ಟಿ ಕಿಟ್ಟ ಕಟ್ಟುವುದು ಕಡಿಮೆಯೋ ಅದನ್ನೇ ಟನ್‌ಗಟ್ಟಲೆ ತರಿಸಿ.